ಸರ್ಕಾರದ ನೀತಿಯ ಬಗ್ಗೆ ಹೇಳುವ ಸುಳ್ಳನ್ನು ಹಿಡಿಯುವವರು ಯಾರು?

ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ವೈಯಕ್ತಿಕ ಶೀಲ, ನಡತೆಯ ಬಗ್ಗೆ ಸುಳ್ಳೆಂದು ಗೊತ್ತಿದ್ದೂ ಹೇಳಿಕೆ ಪ್ರಕಟಿಸುವುದು 1951ರ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 123(4)ರ ಪ್ರಕಾರ ಭ್ರಷ್ಟ ಆಚರಣೆ. ಗೆದ್ದ ಅಭ್ಯರ್ಥಿ ಅದನ್ನು ಮಾಡಿದ್ದಾನೆ, ಇಲ್ಲವೇ ಅವನ ಒಪ್ಪಿಗೆಯಿಂದ ಬೇರೆಯವರು ಮಾಡಿದ್ದಾರೆ ಎಂದು ಹೈಕೋರ್ಟಿನಲ್ಲಿ ರುಜುವಾತಾದರೆ ಆಯ್ಕೆಯೇ ರದ್ದಾಗುತ್ತದೆ. ಚುನಾವಣಾ ತಕರಾರು ಅರ್ಜಿ ಹಾಕಲು 45 ದಿನಗಳ ಅವಕಾಶವಿದೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 175ರಲ್ಲೂ ಇದೇ ತಪ್ಪಿಗೆ ದಂಡವಿದೆ. ಹಿಂದೆ ಇದು ಐಪಿಸಿ 171ಜಿ ಆಗಿತ್ತು.

ಈಗ ಇನ್ನೊಂದು ಹೇಳಿಕೆ ನೋಡಿ: ‘ಈ ಕಾಯ್ದೆ ಬಂದರೆ ನಿಮ್ಮ ಜಮೀನು ಹೋಗುತ್ತದೆ.’ ಕಾಯ್ದೆಯಲ್ಲಿ ಅಂಥ ಒಂದು ಅಕ್ಷರವೂ ಇಲ್ಲ ಎಂದಿಟ್ಟುಕೊಳ್ಳಿ. ಇದು 123(4)ರ ವ್ಯಾಪ್ತಿಗೆ ಬರುವುದಿಲ್ಲ. ಆ ಸೆಕ್ಷನ್ ಕಾಪಾಡುವುದು ಅಭ್ಯರ್ಥಿಯ ವೈಯಕ್ತಿಕ ಹೆಸರನ್ನು ಮಾತ್ರ. ರಾಜಕೀಯ ನಡೆಯ ಮೇಲಿನ ಟೀಕೆ ಬೇರೆ, ವೈಯಕ್ತಿಕ ಶೀಲದ ಮೇಲಿನ ಆರೋಪ ಬೇರೆ ಎಂದು ಸುಪ್ರೀಂ ಕೋರ್ಟ್ 1960ರ ದಶಕದಿಂದಲೂ ಗೆರೆ ಎಳೆದುಕೊಂಡು ಬಂದಿದೆ. ಪಕ್ಷದ ಬಗ್ಗೆ, ಯೋಜನೆಯ ಬಗ್ಗೆ, ಮಸೂದೆಯ ಬಗ್ಗೆ ಹೇಳುವ ಸುಳ್ಳು ಮಾನನಷ್ಟಕ್ಕೋ ದ್ವೇಷ ಭಾಷಣಕ್ಕೋ ತಿರುಗದ ಹೊರತು ಶಿಕ್ಷೆಯಿಲ್ಲದೆ ಉಳಿಯುತ್ತದೆ.

ಇದು ಹೀಗೇ ಇರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ನೀತಿಯ ಬಗ್ಗೆ ಯಾವುದು ಸತ್ಯ ಎಂದು ತೀರ್ಮಾನಿಸುವ ಅಧಿಕಾರವನ್ನು ಸರ್ಕಾರದ ಕೈಗೆ ಕೊಟ್ಟರೆ ಟೀಕೆಯೇ ಅಪರಾಧವಾಗಲು ಹೆಚ್ಚು ಕಾಲ ಬೇಕಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ ಐಟಿ ನಿಯಮಗಳಿಗೆ ತಿದ್ದುಪಡಿ ತಂದು, ತನ್ನ ವ್ಯವಹಾರಗಳ ಬಗ್ಗೆ ಯಾವುದು ಸುಳ್ಳು ಎಂದು ಗುರುತಿಸಲು ತನ್ನದೇ ಫ್ಯಾಕ್ಟ್ ಚೆಕ್ ಘಟಕಕ್ಕೆ ಅವಕಾಶ ಮಾಡಿಕೊಂಡಿತ್ತು. ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಆ ತಿದ್ದುಪಡಿಯನ್ನು ಅಸಾಂವಿಧಾನಿಕ ಎಂದು ತಳ್ಳಿಹಾಕಿತು. ಸರಿಯಾದ ತೀರ್ಪು. ಆದರೆ ಇದರಿಂದ ಒಂದು ಹೊಣೆ ನೇರವಾಗಿ ನಮ್ಮ ಮೇಲೆ ಬರುತ್ತದೆ. ನೀತಿಯ ಬಗೆಗಿನ ಸುಳ್ಳನ್ನು ಹಿಡಿಯುವ ಪೊಲೀಸರಿಲ್ಲ, ಹಿಡಿಯಬೇಕಾದವರು ಓದುಗರು. ಅದನ್ನು ಮಾಡುವ ಬಗೆಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಕಾರಾತ್ಮಕ ಪ್ರಚಾರವೆಲ್ಲ ಕೆಟ್ಟದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎದುರಾಳಿಯ ಆಡಳಿತದಲ್ಲಿ ಏನು ಕೆಟ್ಟಿತು ಎಂದು ಹೇಳದೆ ವಿರೋಧ ಪಕ್ಷ ಮತ ಕೇಳುವುದಾದರೂ ಹೇಗೆ? ಮಾದರಿ ನೀತಿ ಸಂಹಿತೆಯೂ ಅದನ್ನು ನಿಷೇಧಿಸಿಲ್ಲ. 1960ರ ಕೇರಳ ವಿಧಾನಸಭಾ ಚುನಾವಣೆಯ ವೇಳೆ ರೂಪುಗೊಂಡ ಈ ಸಂಹಿತೆ ಮೂರು ಮಾತು ಹೇಳುತ್ತದೆ: ಟೀಕೆ ಪಕ್ಷದ ನೀತಿ, ಕಾರ್ಯಕ್ರಮ, ಹಿಂದಿನ ದಾಖಲೆ ಮತ್ತು ಕೆಲಸಕ್ಕೆ ಸೀಮಿತವಾಗಿರಬೇಕು; ಸಾರ್ವಜನಿಕ ಬದುಕಿಗೆ ಸಂಬಂಧವಿಲ್ಲದ ಖಾಸಗಿ ವಿಚಾರ ಎತ್ತಬಾರದು; ಖಚಿತಪಡಿಸಿಕೊಳ್ಳದ ಆರೋಪ ಅಥವಾ ತಿರುಚಿದ ಸಂಗತಿಯ ಮೇಲೆ ಟೀಕೆ ಮಾಡಬಾರದು. ಮೂರನೆಯದರಲ್ಲಿ ಎಲ್ಲ ಪಕ್ಷಗಳೂ ಎಡವುತ್ತವೆ. ಕರ್ನಾಟಕದಲ್ಲೇ 2023ರ ಮೇ ತಿಂಗಳಲ್ಲಿ ಭ್ರಷ್ಟಾಚಾರದ ‘ದರಪಟ್ಟಿ’ ಎಂಬ ಪತ್ರಿಕಾ ಜಾಹೀರಾತಿಗೆ ಆಧಾರ ಕೊಡಿ ಎಂದು ಚುನಾವಣಾ ಆಯೋಗ ಕಾಂಗ್ರೆಸ್ಸಿಗೆ ನೋಟಿಸು ಕೊಟ್ಟಿತು. 2024ರ ಮೇ ತಿಂಗಳಲ್ಲಿ ಮೀಸಲಾತಿ ಕುರಿತ ಅನಿಮೇಷನ್ ವಿಡಿಯೊ ಒಂದನ್ನು ರಾಜ್ಯ ಬಿಜೆಪಿಯ ಖಾತೆಯಿಂದ ತೆಗೆಸುವಂತೆ ಎಕ್ಸ್ ಜಾಲತಾಣಕ್ಕೆ ಸೂಚಿಸಿತು. ಎರಡೂ ಸಲ ನೋಟಿಸು ಬರುವಷ್ಟರಲ್ಲಿ ಜಾಹೀರಾತು ಮನೆಮನೆ ತಲುಪಿ ಆಗಿತ್ತು. ಆಯೋಗ ಎಷ್ಟೇ ಚುರುಕಾದರೂ ಪ್ರಚಾರದ ವೇಗಕ್ಕೆ ಸಾಟಿಯಾಗಲಾರದು.

ಇಂಥ ಪ್ರಚಾರದ ಪರಿಣಾಮದ ಬಗ್ಗೆ ರಿಚರ್ಡ್ ಲಾವ್ ಮತ್ತು ಸಂಗಡಿಗರು ಹಲವಾರು ಸಂಶೋಧನೆಗಳನ್ನು ಒಟ್ಟಿಗಿಟ್ಟು ತೂಗಿ ನೋಡಿ 2007ರಲ್ಲಿ ಪ್ರಕಟಿಸಿದರು. ನಕಾರಾತ್ಮಕ ಜಾಹೀರಾತು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಆದರೆ ಮಾಡಿದವರಿಗೆ ಅದು ಮತ ತಂದುಕೊಡುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಸರ್ಕಾರದ ಮೇಲಿನ ಜನರ ನಂಬಿಕೆ ಮಾತ್ರ ಸ್ವಲ್ಪ ತಗ್ಗುತ್ತದೆ. ಗೆಲುವು ಖಾತ್ರಿಯಿಲ್ಲ, ನಷ್ಟ ಮಾತ್ರ ಎಲ್ಲರ ಪಾಲಿಗೆ.

ನಾಲ್ಕು ಬಗೆಯ ಹೇಳಿಕೆ

ಸರ್ಕಾರದ ಯಾವುದೇ ನೀತಿಯ ಬಗ್ಗೆ ಜನ ಆಡುವ ಮಾತುಗಳನ್ನು ನಾಲ್ಕು ಬಗೆಯಾಗಿ ಬಿಡಿಸಬಹುದು. ಕಾಗದದಲ್ಲಿ ಏನಿದೆ ಎಂಬುದು ಒಂದು. ಎಷ್ಟು ಹಣ ಎಂಬುದು ಎರಡು. ಮುಂದೆ ಏನಾಗುತ್ತದೆ ಎಂಬುದು ಮೂರು. ಮಾಡಿದವರ ಮನಸ್ಸಿನಲ್ಲಿ ಏನಿತ್ತು ಎಂಬುದು ನಾಲ್ಕು. ಮೊದಲ ಎರಡನ್ನು ದಾಖಲೆ ತೆರೆದು ನೋಡಬಹುದು. ಮೂರನೆಯದನ್ನು ಕಾರಣ ಕೊಟ್ಟು ವಾದಿಸಬಹುದು. ನಾಲ್ಕನೆಯದನ್ನು ಪರೀಕ್ಷಿಸಲು ನಮ್ಮಲ್ಲಿ ಸಾಧನವಿಲ್ಲ. ತಪ್ಪು ದಾರಿಗೆ ಎಳೆಯುವ ಪ್ರಚಾರ ಮಾಡುವುದು ಇಷ್ಟೇ: ಮೂರನೆಯ ಅಥವಾ ನಾಲ್ಕನೆಯ ಬಗೆಯ ಮಾತನ್ನು ಮೊದಲನೆಯದು ಎಂಬಂತೆ ಹೇಳುತ್ತದೆ. ‘ಹೀಗಾಗಬಹುದು’ ಎಂಬುದು ‘ಹೀಗೆ ಬರೆದಿದೆ’ ಆಗುತ್ತದೆ.

2020ರ ಕೃಷಿ ಕಾಯ್ದೆಗಳ ಗದ್ದಲ ನೆನಪಿಸಿಕೊಳ್ಳಿ. ಒಂದು ಕಡೆ ‘ಎಂಎಸ್‌ಪಿ (ಕನಿಷ್ಠ ಬೆಂಬಲ ಬೆಲೆ) ತೆಗೆದುಹಾಕಿದ್ದಾರೆ’ ಎಂದರು, ಇನ್ನೊಂದು ಕಡೆ ‘ಎಂಎಸ್‌ಪಿ ಭದ್ರವಾಗಿದೆ’ ಎಂದರು. ವ್ಯಾಪಾರ ಕುರಿತ ಕಾಯ್ದೆಯಲ್ಲಿ ಎಂಎಸ್‌ಪಿ ತೆಗೆಯುವ ಸೆಕ್ಷನ್ನೂ ಇರಲಿಲ್ಲ, ಅದಕ್ಕೆ ಖಾತ್ರಿ ಕೊಡುವ ಸೆಕ್ಷನ್ನೂ ಇರಲಿಲ್ಲ. ಇದ್ದದ್ದು ಬೇರೆಯೇ: ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಪ್ರಾಂಗಣದ ಹೊರಗಿನ ವ್ಯಾಪಾರಕ್ಕೆ ರಾಜ್ಯಗಳು ಮಾರುಕಟ್ಟೆ ಶುಲ್ಕ ವಿಧಿಸುವಂತಿಲ್ಲ ಎಂಬ ಸೆಕ್ಷನ್. ಒಳಗೆ ಶುಲ್ಕ, ಹೊರಗೆ ಇಲ್ಲ ಎಂದಾದರೆ ವ್ಯಾಪಾರ ಹೊರಗೆ ಹರಿಯುತ್ತದೆ, ಎಪಿಎಂಸಿಯ ಆದಾಯ ಇಳಿಯುತ್ತದೆ, ಅಲ್ಲಿನ ಸರ್ಕಾರಿ ಖರೀದಿ ಕ್ರಮೇಣ ಸೊರಗುತ್ತದೆ ಎಂಬುದು ವಿರೋಧಿಸಿದವರ ನಿಜವಾದ ವಾದ. ಖರೀದಿದಾರರು ಹೆಚ್ಚಿದರೆ ಪೈಪೋಟಿಯಿಂದ ಬೆಲೆ ಏರುತ್ತದೆ ಎಂಬುದು ಬೆಂಬಲಿಸಿದವರ ನಿಜವಾದ ವಾದ. ಎರಡೂ ಮೂರನೆಯ ಬಗೆಯ ಮಾತುಗಳು, ಎರಡಕ್ಕೂ ಗೌರವದ ಉತ್ತರ ಸಲ್ಲಬೇಕಿತ್ತು. ಕಾಯ್ದೆಗಳು ಜೂನ್ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದವು, ಕರಡು ಪ್ರಕಟಿಸಿ ಅಭಿಪ್ರಾಯ ಕೇಳುವ ಹಂತವೇ ಇರಲಿಲ್ಲ. ಸದನದೊಳಗೆ ಆಗಬೇಕಾದ ಚರ್ಚೆ ದೆಹಲಿಯ ಗಡಿಯ ಹೆದ್ದಾರಿಗಳಲ್ಲಿ ಆಯಿತು. 2021ರ ನವೆಂಬರ್ 29ರಂದು ಅವನ್ನು ಹಿಂತೆಗೆದುಕೊಳ್ಳುವ ಮಸೂದೆಯೂ ಚರ್ಚೆಯಿಲ್ಲದೆಯೇ ಅಂಗೀಕಾರವಾಯಿತು. ಕಾಯ್ದೆ ತಂದದ್ದಕ್ಕಿಂತ, ಹಿಂತೆಗೆದದ್ದಕ್ಕಿಂತ, ಆ ಮೌನ ನನ್ನನ್ನು ಹೆಚ್ಚು ಕಾಡುತ್ತದೆ.

ಘೋಷಣೆಗೂ ಆದೇಶಕ್ಕೂ ಇರುವ ಅಂತರಕ್ಕೆ ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಒಳ್ಳೆಯ ಉದಾಹರಣೆ. ಪ್ರಚಾರದಲ್ಲಿ ಕೇಳಿಸಿದ್ದು ‘200 ಯೂನಿಟ್ ಉಚಿತ’. 2023ರ ಜೂನ್ ತಿಂಗಳ ಆದೇಶ ಹೇಳಿದ್ದು ಬೇರೆ: 2022–23ರ ನಿಮ್ಮ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10, ಒಟ್ಟು ಮಿತಿ 200. ಸರಾಸರಿ 80 ಯೂನಿಟ್ ಇದ್ದ ಮನೆಗೆ ಉಚಿತ ಮಿತಿ 88. ಆ ಮನೆ 120 ಯೂನಿಟ್ ಉರಿಸಿದರೆ ಹೆಚ್ಚುವರಿ 32ಕ್ಕೆ ದುಡ್ಡು ಕಟ್ಟಬೇಕು. 201 ಆಯಿತೋ, ಪೂರ್ತಿ ಬಿಲ್ ಕಟ್ಟಬೇಕು. ‘ಎಲ್ಲರಿಗೂ 200 ಯೂನಿಟ್’ ಎಂದದ್ದೂ ತಪ್ಪು, ‘ಯಾರಿಗೂ ಏನೂ ಸಿಗಲಿಲ್ಲ’ ಎಂದದ್ದೂ ತಪ್ಪು. ಆದೇಶ ಓದಿದವರಿಗೆ ಇದಕ್ಕಿಂತ ಹರಿತವಾದ ಟೀಕೆ ಸಿಗುತ್ತಿತ್ತು. ಮಿತವಾಗಿ ಉರಿಸಿದವರಿಗೆ ಕಡಿಮೆ ಮಿತಿ, ಹೆಚ್ಚು ಉರಿಸಿದವರಿಗೆ ಹೆಚ್ಚು ಮಿತಿ ಏಕೆ? 200 ದಾಟಿದ ಒಂದೇ ಯೂನಿಟ್ಟಿಗೆ ಇಡೀ ಸೌಲಭ್ಯ ಬಿದ್ದುಹೋಗುವುದು ನ್ಯಾಯವೇ? ಬಳಕೆ ತೀರಾ ಕಡಿಮೆ ಇರುವ ಮನೆಗೆ ಶೇ 10 ಎಂದರೆ ಎರಡೋ ಮೂರೋ ಯೂನಿಟ್. 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುವ ತಿದ್ದುಪಡಿ 2024ರಲ್ಲಿ ಬಂತು. ಆದೇಶದ ಇಂಥ ಗೊತ್ತಾದ ಒಂದು ಸಾಲನ್ನು ಹಿಡಿದು ಕೇಳುವ ಪ್ರಶ್ನೆಗೆ ತಿದ್ದುಪಡಿ ಎಂಬ ಉತ್ತರ ಸಾಧ್ಯ. ಬೈಗುಳಕ್ಕೆ ಬೈಗುಳವಷ್ಟೇ ಉತ್ತರ.

ಎರಡೂ ಕಡೆ ನಿಜ ಹೇಳಿದಾಗ

ಹಣದ ಲೆಕ್ಕದಲ್ಲಿ ಸುಳ್ಳು ಅಂಕಿ ಹೇಳುವವರು ಕಡಿಮೆ. ನಿಜವಾದ ಅಂಕಿಯನ್ನೇ ತಮಗೆ ಬೇಕಾದ ಅಂಕಿಯ ಪಕ್ಕ ನಿಲ್ಲಿಸುತ್ತಾರೆ. ಕರ್ನಾಟಕಕ್ಕೆ ಬರುವ ಕೇಂದ್ರ ತೆರಿಗೆ ಪಾಲಿನ ಜಗಳ ಇದಕ್ಕೆ ಸಾಕ್ಷಿ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತಾಗ ಇಟ್ಟ ಅಂಕಿ: ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿದಿದೆ. ಕೇಂದ್ರ ಕೊಟ್ಟ ಉತ್ತರ: 2004–14ರ ದಶಕಕ್ಕೆ ಹೋಲಿಸಿದರೆ ರಾಜ್ಯಕ್ಕೆ ಬಂದ ರೂಪಾಯಿ ಹಲವು ಪಟ್ಟು ಹೆಚ್ಚಿದೆ. ಎರಡೂ ನಿಜ. ಒಬ್ಬರು ಪಾಲಿನ ಮಾತಾಡಿದರು, ಇನ್ನೊಬ್ಬರು ಮೊತ್ತದ ಮಾತಾಡಿದರು. ದೇಶದ ತೆರಿಗೆ ಸಂಗ್ರಹವೇ ಬೆಳೆದಾಗ ಪಾಲು ಕುಗ್ಗಿದರೂ ಮೊತ್ತ ಏರುತ್ತದೆ.

ಇದನ್ನು ಒಂದೇ ಅಳತೆಗೆ ತರುವುದು ಕಷ್ಟವಲ್ಲ, ಒಂದು ಗುಣಾಕಾರ ಸಾಕು. ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ತೆರಿಗೆ 100 ರೂಪಾಯಿ ಎಂದುಕೊಳ್ಳಿ. ತೆರಿಗೆ ಹಂಚಿಕೆಯ ಸೂತ್ರ ಸೂಚಿಸುವ ಹಣಕಾಸು ಆಯೋಗಗಳಲ್ಲಿ 13ನೆಯದರ ಅವಧಿಯಲ್ಲಿ (2010–15) ಎಲ್ಲ ರಾಜ್ಯಗಳಿಗೆ 32 ರೂಪಾಯಿ, ಅದರಲ್ಲಿ ಕರ್ನಾಟಕಕ್ಕೆ ಶೇ 4.328, ಅಂದರೆ ಸುಮಾರು 1 ರೂಪಾಯಿ 39 ಪೈಸೆ. 14ನೇ ಆಯೋಗದಲ್ಲಿ (2015–20) 42 ರೂಪಾಯಿ, ಶೇ 4.713, 1 ರೂಪಾಯಿ 98 ಪೈಸೆ. 15ನೇ ಆಯೋಗದ 2021–26ರ ಅವಧಿಯಲ್ಲಿ 41 ರೂಪಾಯಿ, ಶೇ 3.647, 1 ರೂಪಾಯಿ 50 ಪೈಸೆ. ಹೋಲಿಕೆಯ ಆರಂಭ 2015 ಆದರೆ ನಷ್ಟ ಕಾಣುತ್ತದೆ, 2010 ಆದರೆ ಲಾಭ ಕಾಣುತ್ತದೆ. ಯಾರಾದರೂ ‘ಏರಿತು’ ಅಥವಾ ‘ಇಳಿಯಿತು’ ಎಂದಾಗ ಮೊದಲು ಕೇಳಬೇಕಾದದ್ದು ಯಾವ ವರ್ಷದಿಂದ ಎಂದು. 13ನೇ ಆಯೋಗದ ಕಾಲದಲ್ಲಿ ಯೋಜನಾ ಆಯೋಗದ ಮೂಲಕವೂ ಹಣ ಬರುತ್ತಿತ್ತು. ಪಾಲು 42ಕ್ಕೆ ಏರಿದಾಗ ಆ ದಾರಿ ಮುಚ್ಚಿತು. ಆದ್ದರಿಂದ ಈ ಮೂರು ಅಂಕಿಗಳನ್ನೂ ಪೂರ್ತಿ ಸಮ ಎಂದು ಭಾವಿಸಬಾರದು.

ಪಾಲು ಏಕೆ ಇಳಿಯಿತು ಎಂಬುದಕ್ಕೂ ದಾಖಲೆಯಲ್ಲೇ ಉತ್ತರವಿದೆ, ದ್ವೇಷದ ಕಥೆ ಕಟ್ಟಬೇಕಿಲ್ಲ. 15ನೇ ಆಯೋಗದ ಸೂತ್ರದಲ್ಲಿ ತಲಾ ಆದಾಯದ ಅಂತರಕ್ಕೆ ಶೇ 45, 2011ರ ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಜನಸಂಖ್ಯೆ ನಿಯಂತ್ರಣಕ್ಕೆ 12.5, ಅರಣ್ಯ ಮತ್ತು ಪರಿಸರಕ್ಕೆ 10, ತೆರಿಗೆ ಸಂಗ್ರಹದ ಪ್ರಯತ್ನಕ್ಕೆ 2.5. ರಾಜ್ಯದ ತಲಾ ಆದಾಯ ಏರಿದಷ್ಟೂ ಮೊದಲ 45ರಲ್ಲಿ ಸಿಗುವ ಪಾಲು ಕುಗ್ಗುತ್ತದೆ. 14ನೇ ಆಯೋಗ 1971ರ ಜನಸಂಖ್ಯೆಗೂ ಶೇ 17.5 ತೂಕ ಕೊಟ್ಟಿತ್ತು, ಅದು ಹೋಯಿತು. ಸೂತ್ರ ನ್ಯಾಯವೇ ಎಂಬುದು ಗಂಭೀರ ಪ್ರಶ್ನೆ. ಬೆಳೆದ ರಾಜ್ಯಕ್ಕೆ ದಂಡವೇ ಎಂದು ಕೇಳುವವರೂ ಸರಿ, ಬಡ ರಾಜ್ಯದ ಮಗುವಿಗೂ ಶಾಲೆ ಬೇಡವೇ ಎಂದು ಕೇಳುವವರೂ ಸರಿ. ಇದರ ಜತೆ ಇನ್ನೊಂದು ಸಂಗತಿ ಚರ್ಚೆಯಲ್ಲಿ ಸಾಮಾನ್ಯವಾಗಿ ತಪ್ಪಿಹೋಗುತ್ತದೆ: ತೆರಿಗೆಯ ಮೇಲೆ ಹೆಚ್ಚುವರಿಯಾಗಿ ವಿಧಿಸುವ ಸೆಸ್ ಮತ್ತು ಸರ್ಚಾರ್ಜ್ ಈ 100 ರೂಪಾಯಿಯ ಒಳಗೆ ಬರುವುದೇ ಇಲ್ಲ. ಸಂವಿಧಾನದ 270ನೇ ವಿಧಿ ಅವನ್ನು ಹೊರಗಿಟ್ಟಿದೆ. ಕೇಂದ್ರ ತೆರಿಗೆಯನ್ನು ಸೆಸ್ ರೂಪದಲ್ಲಿ ಎತ್ತಿದಷ್ಟೂ ಹಂಚಿಕೆಯ ಗಂಟು ಚಿಕ್ಕದಾಗುತ್ತದೆ. ಆಡಳಿತದಲ್ಲಿ ಯಾವ ಪಕ್ಷವಿದ್ದರೂ ಇದು ಹೀಗೇ.

ಬಜೆಟ್ಟಿನ ಅಂಕಿಗಳಲ್ಲಿ ಕಾಣುವ ಗೊಂದಲ ಇನ್ನೊಂದು ತರಹದ್ದು. ಬಜೆಟ್ ಪುಸ್ತಕದಲ್ಲಿ ಒಂದು ಬಾಬ್ತಿಗೆ ನಾಲ್ಕು ಕಾಲಂ ಇರುತ್ತವೆ: ಕಳೆದ ವರ್ಷದ ಲೆಕ್ಕ, ಈ ವರ್ಷದ ಬಜೆಟ್ ಅಂದಾಜು, ಈ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಬಜೆಟ್ ಅಂದಾಜು. ಒಂದು ಇಲಾಖೆಗೆ ಈ ವರ್ಷ 1,000 ಕೋಟಿ ಇಟ್ಟರು, ಖರ್ಚಾಗದೆ ಪರಿಷ್ಕೃತ ಅಂದಾಜು 700 ಕೋಟಿಗೆ ಇಳಿಯಿತು, ಬರುವ ವರ್ಷಕ್ಕೆ 850 ಕೋಟಿ ಇಟ್ಟರು ಎಂದುಕೊಳ್ಳಿ. ಆಡಳಿತ ಪಕ್ಷ 700ರ ಪಕ್ಕ 850 ಇಟ್ಟು ‘ಶೇ 21 ಏರಿಕೆ’ ಎನ್ನುತ್ತದೆ. ವಿರೋಧ ಪಕ್ಷ 1,000ದ ಪಕ್ಕ 850 ಇಟ್ಟು ‘ಶೇ 15 ಕಡಿತ’ ಎನ್ನುತ್ತದೆ. ಕೇಳಬೇಕಾದ ಪ್ರಶ್ನೆ ಇಬ್ಬರ ಬಾಯಲ್ಲೂ ಬರುವುದಿಲ್ಲ: ಇಟ್ಟ 300 ಕೋಟಿ ಏಕೆ ಖರ್ಚಾಗಲಿಲ್ಲ? ಘೋಷಣೆ, ಹಂಚಿಕೆ, ಬಿಡುಗಡೆ, ಖರ್ಚು, ಇವು ನಾಲ್ಕು ಬೇರೆಬೇರೆ ಮೊತ್ತಗಳು. ಜಾಹೀರಾತಿನಲ್ಲಿ ಬರುವುದು ಹೆಚ್ಚಾಗಿ ಮೊದಲನೆಯದು. ಜನರಿಗೆ ಮುಟ್ಟುವುದು ಕೊನೆಯದು, ಅದು ಸಿಗುವುದು ಎರಡು ವರ್ಷದ ನಂತರದ ಬಜೆಟ್ಟಿನ ‘ಲೆಕ್ಕ’ ಕಾಲಂನಲ್ಲಿ ಮತ್ತು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿಯಲ್ಲಿ. ಹಾಗೆಯೇ, ಶೇ 10 ಇದ್ದದ್ದು ಶೇ 12 ಆದರೆ ‘ಶೇ 20 ಏರಿಕೆ’ ಎಂದೂ ಹೇಳಬಹುದು, ‘ಎರಡೇ ಅಂಶ ಏರಿಕೆ’ ಎಂದೂ ಹೇಳಬಹುದು.

ಮಸೂದೆ ಓದುವ ಕ್ರಮ

ಮಸೂದೆಯನ್ನು ಮೊದಲ ಪುಟದಿಂದ ಓದಬೇಡಿ. ಕೊನೆಯಲ್ಲಿರುವ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆಯಿಂದ ಶುರು ಮಾಡಿ. ಸರ್ಕಾರ ತಾನು ಏನು ಮಾಡುತ್ತಿದ್ದೇನೆಂದು ಹೇಳಿಕೊಂಡಿರುವುದು ಅಲ್ಲಿ. ಅದರ ಪಕ್ಕದಲ್ಲೇ ಆರ್ಥಿಕ ಜ್ಞಾಪನ ಪತ್ರವಿರುತ್ತದೆ. ಹೆಚ್ಚುವರಿ ವೆಚ್ಚವಿಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು, ಮಸೂದೆಯ ಒಳಗೆ ಹೊಸ ಪ್ರಾಧಿಕಾರ, ಹೊಸ ಅಧಿಕಾರಿಗಳು ಕಂಡರೆ ಅಲ್ಲೇ ಒಂದು ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ.

ಆಮೇಲೆ ಪರಿಭಾಷೆಗಳ ಸೆಕ್ಷನ್. ಕಾಯ್ದೆ ಯಾರಿಗೆ ಅನ್ವಯ, ಯಾರಿಗೆ ಇಲ್ಲ ಎಂಬ ಅರ್ಧ ಜಗಳ ಅಲ್ಲೇ ತೀರುತ್ತದೆ. ಮುಖ್ಯ ಸೆಕ್ಷನ್‌ಗಳಲ್ಲಿ ‘ತಕ್ಕದ್ದು’ ಇದೆಯೋ ‘ಬಹುದು’ ಇದೆಯೋ ಗುರುತು ಹಾಕಿ. ‘ಸರ್ಕಾರವು ಪರಿಹಾರ ನೀಡತಕ್ಕದ್ದು’ ಎಂದಿದ್ದರೆ ಅದು ಕಡ್ಡಾಯ. ‘ನೀಡಬಹುದು’ ಎಂದಿದ್ದರೆ ಸರ್ಕಾರದ ಇಚ್ಛೆ. ಸಚಿವರು ವೇದಿಕೆಯ ಮೇಲೆ ಕೊಟ್ಟ ಭರವಸೆ ಮಸೂದೆಯಲ್ಲಿ ‘ಬಹುದು’ ಆಗಿ ಕುಳಿತಿರುವುದು ಅಪರೂಪವಲ್ಲ. ‘ನಿಯಮಿಸಬಹುದಾದಂಥ’ ಎಂಬ ಮಾತು ಬಂದಲ್ಲೆಲ್ಲ ವಿವರ ಇನ್ನೂ ಬರೆದಾಗಿಲ್ಲ ಎಂದು ತಿಳಿಯಿರಿ. ಆ ವಿವರದ ಬಗ್ಗೆ ಪರವಾಗಿ, ವಿರೋಧವಾಗಿ ಖಚಿತವಾಗಿ ಮಾತಾಡುವ ಇಬ್ಬರೂ ಊಹೆಯನ್ನೇ ಹೇಳುತ್ತಿದ್ದಾರೆ.

ಜಾರಿಯ ದಿನಾಂಕವನ್ನು ಬಿಡಲೇಬೇಡಿ. ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಸಂಸತ್ತು ಒಪ್ಪಿದ್ದು 2019 ಮತ್ತು 2020ರಲ್ಲಿ, ಅವು ಜಾರಿಗೆ ಬಂದದ್ದು 2025ರ ನವೆಂಬರಿನಲ್ಲಿ. ನಡುವಿನ ಐದು ವರ್ಷ ‘ಕಾರ್ಮಿಕರ ಹಕ್ಕು ಹೋಯಿತು’, ‘ಕಾರ್ಮಿಕರಿಗೆ ಭದ್ರತೆ ಬಂತು’ ಎಂದು ಎರಡೂ ಕಡೆಯವರು ಆಗಿಹೋದ ಸಂಗತಿಯಂತೆ ಮಾತಾಡಿದರು. ಮಹಿಳಾ ಮೀಸಲಾತಿಯ 2023ರ ತಿದ್ದುಪಡಿ (106ನೆಯದು) ಸಂವಿಧಾನಕ್ಕೆ ಸೇರಿಸಿದ 334ಎ ವಿಧಿಯ ಪ್ರಕಾರ, ಅದು ಬಂದ ನಂತರದ ಮೊದಲ ಜನಗಣತಿ, ಅದರ ಮೇಲೆ ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ ಮೀಸಲಾತಿ. ‘ಮೀಸಲಾತಿ ಕೊಟ್ಟೆವು’ ಎಂಬ ಪೋಸ್ಟರಿನಲ್ಲಿ ಈ ಷರತ್ತಿಗೆ ಜಾಗವಿರಲಿಲ್ಲ.

ಜಾಹೀರಾತಿನ ಹಿಂದೆ ಯಾರು

ಹೇಳಿಕೆಯನ್ನು ಪರೀಕ್ಷಿಸುವಾಗ ದುಡ್ಡು ಕೊಟ್ಟವರು ಯಾರೆಂದೂ ನೋಡಬೇಕು. ಕರಪತ್ರ, ಪೋಸ್ಟರ್‌ಗಳ ವಿಷಯದಲ್ಲಿ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 127ಎ ಬಹಳ ಸ್ಪಷ್ಟ: ಚುನಾವಣಾ ಕರಪತ್ರದ ಮೇಲೆ ಮುದ್ರಕ ಮತ್ತು ಪ್ರಕಾಶಕ ಇಬ್ಬರ ಹೆಸರು, ವಿಳಾಸ ಇರಬೇಕು, ಪ್ರಕಾಶಕ ತನ್ನ ಗುರುತಿನ ಘೋಷಣೆಯನ್ನು ತನ್ನನ್ನು ಬಲ್ಲ ಇಬ್ಬರ ದೃಢೀಕರಣದೊಂದಿಗೆ ಮುದ್ರಕನಿಗೆ ಕೊಡಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದ್ದರಿಂದ ಕರಪತ್ರ ಕೈಗೆ ಬಂದರೆ ಮೊದಲು ಕೆಳಗಿನ ಅಂಚು ನೋಡಿ. ಹೆಸರಿಲ್ಲದ ಕರಪತ್ರ ಒಳಗೇನೇ ಬರೆದಿರಲಿ, ಆಗಲೇ ಕಾನೂನು ಮುರಿದಿದೆ. ಅದನ್ನು ಹರಿದು ಎಸೆಯದೆ ಜಿಲ್ಲಾ ಚುನಾವಣಾಧಿಕಾರಿಗೆ ತಲುಪಿಸಿ.

ಟಿವಿ ಜಾಹೀರಾತಿಗೆ ಸುಪ್ರೀಂ ಕೋರ್ಟಿನ 2004ರ ಆದೇಶದ ಮೇರೆಗೆ ಎಂಸಿಎಂಸಿ (ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ) ಎಂಬ ಸಮಿತಿಯ ಪೂರ್ವಾನುಮತಿ ಬೇಕು. ನೋಂದಾಯಿತ ಪಕ್ಷಗಳು ಮತ್ತು ಅಭ್ಯರ್ಥಿಗಳು ಪ್ರಸಾರಕ್ಕೆ ಮೂರು ದಿನ ಮೊದಲು, ಉಳಿದವರು ಏಳು ದಿನ ಮೊದಲು ಅರ್ಜಿ ಹಾಕಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಾದರೆ ಮೆಟಾದ ಆ್ಯಡ್ ಲೈಬ್ರರಿ ತೆರೆಯಿರಿ. ದೇಶ ಭಾರತ, ವಿಭಾಗ ರಾಜಕೀಯ ಮತ್ತು ಚುನಾವಣೆ ಎಂದು ಆರಿಸಿ ಪುಟದ ಹೆಸರು ಹುಡುಕಿದರೆ ಹಣ ಕೊಟ್ಟವರ ಹೆಸರು, ಖರ್ಚಿನ ಅಂದಾಜು, ಯಾವ ರಾಜ್ಯದ ಯಾವ ವಯಸ್ಸಿನವರಿಗೆ ತೋರಿಸಿದ್ದಾರೆ ಎಂಬುದು ಸಿಗುತ್ತದೆ. ಗೂಗಲ್ ಮತ್ತು ಯೂಟ್ಯೂಬ್‌ಗೆ ಆ್ಯಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್ ಇದೆ. ಒಂದೇ ನೀತಿಯ ಬಗ್ಗೆ ಒಂದೇ ಪುಟ ಒಂದು ಜಿಲ್ಲೆಯವರಿಗೆ ಒಂದು, ಇನ್ನೊಂದು ಜಿಲ್ಲೆಯವರಿಗೆ ಇನ್ನೊಂದು ಹೇಳುತ್ತಿದೆಯೇ ಎಂದು ಪಕ್ಕಪಕ್ಕ ಇಟ್ಟು ನೋಡಿ. ‘ಹಣ ಕೊಟ್ಟವರು’ ಎಂಬಲ್ಲಿ ಪುಟದ ಹೆಸರೇ ಮತ್ತೆ ಬಂದಿದ್ದರೆ ಹಿಂದಿರುವವರು ಮರೆಯಲ್ಲಿರಬಹುದು. ಅಭ್ಯರ್ಥಿಯ ಖರ್ಚಿಗೆ ಮಿತಿಯಿದೆ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಯಾರದೆಂದು ಗೊತ್ತಾಗದ ಪುಟದ ಖರ್ಚು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಹೆಸರಿಲ್ಲದ ಈ ಪುಟಗಳು ಸದ್ಯದ ಪ್ರಚಾರದ ಅತ್ಯಂತ ಅಪಾಯಕಾರಿ ಭಾಗ ಎಂದು ನನಗನ್ನಿಸುತ್ತದೆ.

ವಾಟ್ಸ್‌ಆ್ಯಪ್ ಫಾರ್ವರ್ಡಿಗೆ ಇಂಥ ಯಾವ ಲೈಬ್ರರಿಯೂ ಇಲ್ಲ. ಆಯೋಗದ ಸಿ-ವಿಜಿಲ್ ಆ್ಯಪ್ ಕೂಡ ಅದಕ್ಕೆ ನೆರವಾಗದು. ಚುನಾವಣೆ ಘೋಷಣೆಯಾದ ಮೇಲೆ ಸ್ಥಳದಲ್ಲೇ ಆ್ಯಪ್ ಮೂಲಕ ತೆಗೆದ ಫೋಟೊ, ವಿಡಿಯೊ, ಆಡಿಯೊ ಮಾತ್ರ ಅದು ತೆಗೆದುಕೊಳ್ಳುತ್ತದೆ; ಫೋನಿನ ಗ್ಯಾಲರಿಯಲ್ಲಿರುವುದನ್ನು ಹಾಕಲು ಬರುವುದಿಲ್ಲ. ಹಣ ಹಂಚುವುದು, ಹೆಸರಿಲ್ಲದ ಪೋಸ್ಟರ್ ಇಂಥವಕ್ಕೆ ಅದು ಒಳ್ಳೆಯ ಸಾಧನ, 100 ನಿಮಿಷದೊಳಗೆ ಕ್ರಮದ ಗುರಿಯಿದೆ.

ಗುಂಪಿನಲ್ಲಿ ಮಾತು ಹೇಗೆ

ಮನೆಯವರ, ಗೆಳೆಯರ ಗುಂಪಿನಲ್ಲಿ ಇಂಥ ಸಂದೇಶ ಬಂದಾಗ ‘ಇದು ಸುಳ್ಳು’ ಎಂದು ಬರೆದರೆ ಮಾತು ಅಲ್ಲಿಗೇ ಕೆಡುತ್ತದೆ. ಕಳಿಸಿದವರು ಹಿರಿಯರಾದರೆ ಇನ್ನೂ ಬೇಗ. ‘ಇದು ಯಾವ ಸೆಕ್ಷನ್‌ನಲ್ಲಿದೆ?’ ಅಥವಾ ‘ಇದು ಯಾವ ವರ್ಷಕ್ಕೆ ಹೋಲಿಸಿದ ಅಂಕಿ?’ ಎಂದು ಕೇಳಿ. ತಿದ್ದುವುದಾದರೆ ಮೊದಲು ಸರಿಯಾದ ಸಂಗತಿ, ಆಮೇಲೆ ತಪ್ಪು ಏನೆಂದು ಒಂದೇ ಸಲ, ಕೊನೆಗೆ ಮತ್ತೆ ಸರಿಯಾದದ್ದು ಮತ್ತು ದಾಖಲೆಯ ಪುಟದ ಫೋಟೊ. ಮೂಲ ಚಿತ್ರವನ್ನು ಮತ್ತೆ ಹಂಚಬೇಡಿ. ಅಡ್ಡ ಗೀಟು ಎಳೆದು ಹಂಚಿದರೂ ಜನರಿಗೆ ಆ ಚಿತ್ರವೇ ನೆನಪಿರುತ್ತದೆ.

ಅಂಕಿ ಗೊತ್ತಿದ್ದವರು ಸುರಕ್ಷಿತರು ಎಂದೂ ಭಾವಿಸಬೇಡಿ. ಅಮೆರಿಕದ ಡ್ಯಾನ್ ಕಹಾನ್ ಮತ್ತು ಸಂಗಡಿಗರು 2013ರಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಒಂದೇ ಕೋಷ್ಟಕ ಕೊಟ್ಟರು. ಚರ್ಮಕ್ಕೆ ಹಚ್ಚುವ ಕ್ರೀಮಿನ ಫಲಿತಾಂಶ ಎಂದಾಗ ಲೆಕ್ಕದಲ್ಲಿ ಚುರುಕಾದವರು ಸರಿಯಾಗಿ ಬಿಡಿಸಿದರು. ಅದೇ ಅಂಕಿಗಳನ್ನು ಬಂದೂಕು ನಿಷೇಧದ ಫಲಿತಾಂಶ ಎಂದು ಕೊಟ್ಟಾಗ, ಉತ್ತರ ತಮ್ಮ ನಂಬಿಕೆಗೆ ವಿರುದ್ಧವಿದ್ದ ಕಡೆ ಅದೇ ಚುರುಕಿನವರು ತಪ್ಪಿದರು, ಮತ್ತು ಎರಡು ಪಕ್ಷಗಳ ನಡುವಿನ ಅಂತರ ಹೆಚ್ಚಿದ್ದದ್ದು ಅಂಥವರ ನಡುವೆಯೇ. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ: ಹೇಳಿಕೆಯಲ್ಲಿ ಪಕ್ಷದ ಹೆಸರು ಅಳಿಸಿ ಎದುರು ಪಕ್ಷದ ಹೆಸರು ಬರೆದು ಮತ್ತೆ ಓದುವುದು. ಆಗ ಏಳುವ ಅನುಮಾನಗಳನ್ನು ಕಾಗದದಲ್ಲಿ ಬರೆದುಕೊಂಡು, ಅವನ್ನೇ ಮೊದಲಿನ ಹೇಳಿಕೆಗೂ ಅನ್ವಯಿಸಬೇಕು.

ಸರ್ಕಾರದ ಮುಂದೆ ಮಾತು

ಇಷ್ಟೆಲ್ಲ ಮಾಡಿ ಸಿಕ್ಕ ಪ್ರಶ್ನೆ ಗುಂಪಿನಲ್ಲೇ ಉಳಿದರೆ ಪ್ರಯೋಜನ ಕಡಿಮೆ. ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿಯ ಪ್ರಕಾರ ಕರಡು ಮಸೂದೆಯನ್ನು, ಸರಳ ವಿವರಣೆಯೊಂದಿಗೆ, ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ಅದು ನೀತಿಯಷ್ಟೇ, ಕಾಯ್ದೆಯಲ್ಲ. ಆದ್ದರಿಂದ ಸರ್ಕಾರಗಳು ಆಗಾಗ ಅದನ್ನು ದಾಟಿಹೋಗುತ್ತವೆ. ಕಾಯ್ದೆಯಡಿಯ ಕರಡು ನಿಯಮಗಳ ಮಾತು ಬೇರೆ. ಪೂರ್ವಪ್ರಕಟಣೆ ಬೇಕೆಂದು ಕಾಯ್ದೆಯೇ ಹೇಳಿದ್ದರೆ ಅವು ರಾಜ್ಯಪತ್ರದಲ್ಲಿ ಬರಲೇಬೇಕು, ಆಕ್ಷೇಪಣೆಗೆ ಕೊನೆಯ ದಿನ ಯಾವುದು, ಯಾರ ವಿಳಾಸಕ್ಕೆ ಕಳಿಸಬೇಕು ಎಂಬುದು ಅಧಿಸೂಚನೆಯಲ್ಲೇ ಇರುತ್ತದೆ. ಆಕ್ಷೇಪಣೆ ಬರೆಯುವಾಗ ಅಧಿಸೂಚನೆಯ ಸಂಖ್ಯೆ, ದಿನಾಂಕ, ನಿಯಮದ ಸಂಖ್ಯೆ, ಈಗಿರುವ ಪದಗಳು, ಅವುಗಳಿಂದ ಯಾರಿಗೆ ಏನು ತೊಂದರೆ, ನೀವು ಸೂಚಿಸುವ ಬದಲಿ ಪದಗಳು, ಇಷ್ಟು ಸಾಕು. ಬದಲಿ ಪದ ಬರೆಯದ ಆಕ್ಷೇಪಣೆಯನ್ನು ‘ಸಾಮಾನ್ಯ ಅಭಿಪ್ರಾಯ’ ಎಂದು ಬದಿಗಿಡುವುದು ಸುಲಭ. ಒಂದೇ ಅಚ್ಚಿನ ಸಾವಿರ ಅರ್ಜಿಗಳಿಗಿಂತ ಬೇರೆಬೇರೆ ತೊಂದರೆ ಹೇಳುವ ಹತ್ತು ಅರ್ಜಿಗಳಿಗೆ ಉತ್ತರ ಕೊಡುವುದು ಇಲಾಖೆಗೆ ಕಷ್ಟ.

ಕೊನೆಯ ದಿನ ಮುಗಿದು ಅಂತಿಮ ನಿಯಮ ಬಂದ ಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ‘ನನ್ನ ಸಲಹೆಯನ್ನು ಏಕೆ ಒಪ್ಪಲಿಲ್ಲ?’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ‘ಸದರಿ ಅಧಿಸೂಚನೆಗೆ ಬಂದ ಆಕ್ಷೇಪಣೆಗಳ ಪಟ್ಟಿ, ಅವುಗಳ ಪರಿಶೀಲನೆ ನಡೆದ ಕಡತದ ಟಿಪ್ಪಣಿ ಹಾಳೆಗಳ ಪ್ರತಿ’ ಎಂದು ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದದ್ದು ಅರೆಬರೆಯಾಗಿದ್ದರೆ, ಅಲ್ಲಿಂದ 30 ದಿನದೊಳಗೆ ಸೆಕ್ಷನ್ 19(1)ರಡಿ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅರ್ಜಿಯ ಪ್ರತಿ ಮತ್ತು ರಿಜಿಸ್ಟರ್ಡ್ ಪೋಸ್ಟಿನ ರಸೀದಿಯನ್ನು ಅದರ ಜತೆ ಲಗತ್ತಿಸಿ.